ಎದುರು ಜಗಲಿಯ ವೈದ್ಯರೂ ನನ್ನ ಹೊಟ್ಟೆಕಿಚ್ಚೂ

ಡಾಕ್ಟರಾದವನು ಹೊಟ್ಟೆಕಿಚ್ಚು ಪಡಬಾರದು ಅಂತಾರೆ. ಆಸ್ಪತ್ರೆ ಎದುರಿನ ಜಗಲಿಯಲ್ಲೇ ನಾಟಿ ವೈದ್ಯರು ಕೂತಿದ್ದರೆ, ಊರೆಲ್ಲ ಅಲ್ಲೇ ನೆರೆದಿದ್ದರೆ, ಪಡದೆ ಇರೋದು ಹೇಗೆ? ತೊಂಬತ್ತರ ಆಸುಪಾಸಿನಲ್ಲಿ ದೊಡ್ಡಬೆಳವಂಗಲದ ಕಡೆ ಸರ್ಕಾರಿ ಡಾಕ್ಟರಾಗಿದ್ದಾಗ ವಾರಕ್ಕೊಂದಾದರೂ ಇಂಥ ಪ್ರಸಂಗ ನನಗೆ ಕಾದಿರುತ್ತಿತ್ತು.

೧. ಬದನೆಕಾಯಿ

ಚರ್ಮದ ಕ್ಯಾನ್ಸರ್ ಬಗ್ಗೆ ತಿಳಿಹೇಳಲು ಒಂದಿಪ್ಪತ್ತು ಜನರನ್ನು ಕೂರಿಸಿದೆ. "ನಮ್ಮ ಮೈಬಣ್ಣದವರಿಗೆ ಇದು ಅಪರೂಪ. ಆದ್ರೂ ಉರಿಬಿಸಿಲಲ್ಲಿ ತಲೆಗೆ ಟವೆಲ್ ಕಟ್ಟಿ, ತುಂಬುತೋಳಿನ ಅಂಗಿ ಹಾಕಿ. ತಿಂಗಳಾದ್ರೂ ಮಾಯದ ಹುಣ್ಣಿದ್ರೆ ತೋರಿಸಿ" ಎಂದೆ.

ಮುಂದೆ ಕೂತಿದ್ದ ಅಜ್ಜ ಎದ್ದ. "ಎಲ್ಲಾ ಸರಿ ಸಾರ್, ಪಥ್ಯ ಏನೂ ಹೇಳ್ಲೇ ಇಲ್ವಲ್ಲ? ಬದನೆಕಾಯಿ ತಿನ್ಬೋದಾ?"

"ಧಾರಾಳವಾಗಿ ತಿನ್ನಿ" ಎಂದುಬಿಟ್ಟೆ. ಬದನೆಕಾಯಿ ಬಿಡಿಸದವನು ಎಂಥಾ ಡಾಕ್ಟರು ಅಂತ ಸಭೆಗೆ ಸಭೆಯೇ ಎದ್ದು ಎದುರು ಜಗಲಿಗೆ ಹೋಯಿತು.

೨. ನಾನೂ ಪಥ್ಯ ಹೇಳಿದೆ

ತೋಳೆಲ್ಲ ಬಿಸಿಲಿಗೆ ಬೆಂದಿದ್ದ ರೈತನೊಬ್ಬ ಬಂದ. ಈ ಸಲ ಜಾಣನಾದೆ. "ಮಧ್ಯಾಹ್ನ ಬಿಸಿಲಿಗಿಳಿಯದೆ ಇರೋದೇ ನಿನಗೆ ಪಥ್ಯ" ಎಂದೆ. ಭಕ್ತಿಯಿಂದ ತಲೆಯಾಡಿಸಿದ.

ಮುಂದಿನ ವಾರ ಅವನ ಹೊಲದ ಪಕ್ಕ ಹಾದುಹೋದೆ. ಅವನು ಹೊಂಗೆಮರದ ನೆರಳಲ್ಲಿ ಮಲಗಿದ್ದ. ಹೆಂಡತಿ ಒಬ್ಬಳೇ ಸುಡುಬಿಸಿಲಲ್ಲಿ ರಾಗಿ ಕಳೆ ಕೀಳುತ್ತಿದ್ದಳು. ಅವನನ್ನು ಗದರಿದೆ.

"ಪಥ್ಯ ನನಗ್ತಾನೆ ಹೇಳಿದ್ದು ಸಾರ್? ಅವಳಿಗೆ ಹೇಳಿಲ್ವಲ್ಲ!"

೩. ಮೂಗು

ನಮ್ಮ ವೈದ್ಯರು ಬೇರು, ಸೊಪ್ಪು ಹುಡುಕುತ್ತಾ ಬಿಸಿಲಲ್ಲೇ ಬದುಕು ಸವೆಸಿದವರು. ಅವರ ಮೂಗಿನ ಮೇಲೆ ಒಂದು ಹುಣ್ಣು. ಆರು ತಿಂಗಳಿಂದ ತಾವೇ ಲೇಪ ಹಚ್ಚುತ್ತಿದ್ದರೂ ಮಾಯ್ದಿರಲಿಲ್ಲ. ಅದನ್ನು ಕಂಡು ನನಗೆ ಒಳಗೊಳಗೇ ಖುಷಿಯಾಯಿತು, ಆಮೇಲೆ ನಾಚಿಕೆಯೂ ಆಯಿತು. ಎರಡು ದಿನ ಬಿಗುಮಾನದಲ್ಲಿದ್ದು ಮೂರನೇ ದಿನ ರಸ್ತೆ ದಾಟಿದೆ.

"ಸ್ವಾಮಿ, ಇದು ಕ್ಯಾನ್ಸರ್ ಇರ್ಬೋದು. ಬೆಂಗಳೂರಿಗೆ ಹೋಗಿ. ಈಗ್ಲೇ ತೆಗೆಸಿದ್ರೆ ವಾಸಿಯಾಗುತ್ತೆ, ಬಿಟ್ರೆ ಮೂಗೇ ಹೋಗುತ್ತೆ."

ಪುಣ್ಯಕ್ಕೆ ಹೋದರು. ನನ್ನ ಅನುಮಾನ ನಿಜವಾಗಿತ್ತು. ಹುಣ್ಣು ಕೊಯ್ಸಿಕೊಂಡು, ಮೂಗಿಗೆ ಪಟ್ಟಿ ಹಾಕಿಸಿಕೊಂಡು ಬಂದವರೇ ಜಗಲಿಯಲ್ಲಿ ಕೂತು, "ಡಾಕ್ಟರ ಮಾತು ಕೇಳ್ರಪ್ಪಾ, ಅವರಿಂದ ಉಳ್ಕೊಂಡೆ" ಎಂದು ಎಲ್ಲರಿಗೂ ಸಾರಿದರು.

ಮಾರನೇ ದಿನ ಆಸ್ಪತ್ರೆ ತುಂಬ ಜನ. ಗಂಡಸರ ತಲೆಯ ಮೇಲೆಲ್ಲ ಟವೆಲ್! ಇನ್ನು ಹೊಟ್ಟೆಕಿಚ್ಚು ಸಾಕು ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ನಮ್ ವೈದ್ಯರು ದೇವ್ರಂಥೋರು ಕಣಪ್ಪಾ. ನಿನ್ ಆಸ್ಪತ್ರೆಗೆ ಯಾರೂ ಬರಲ್ಲ ಅಂತ, ಪಾಪ, ಮೂಗೇ ಕುಯ್ಸ್ಕೊಂಡ್ರು ನೋಡು!"