ನಿಮ್ಮದೇ, ತಗೊಳ್ಳಿ

ಇಷ್ಟಕ್ಕೆಲ್ಲ ಮೂಲ ಉದ್ದ ಹಿಡಿಯ ಒಂದು ಹಿತ್ತಾಳೆ ಕಾಫಿ ಪಾತ್ರೆ.

ಬ್ರೆಜಿಲ್‌ನಿಂದ ಬಂದಿಳಿದಿದ್ದ ಶುಕ್ರಿ ಚಿಕ್ಕಪ್ಪ ಅದನ್ನು ಎತ್ತಿ ಹಿಡಿದು, "ಎಷ್ಟು ಲಕ್ಷಣವಾಗಿದೆಯೋ ಇದು," ಎಂದರು. ಬತ್ರೂನಿನ ಕ್ಷೌರಿಕ ನಖ್ಲೆ ಎದೆಯ ಮೇಲೆ ಕೈಯಿಟ್ಟು, "ನಿಮ್ಮದೇ ಚಿಕ್ಕಪ್ಪ, ತಗೊಳ್ಳಿ," ಎಂದ. ಲೆಬನಾನಿನ ಆ ಕರಾವಳಿಯಲ್ಲಿ ಹುಟ್ಟಿದವರು ಯಾರಾದರೂ ಹಾಗೆಯೇ ಅನ್ನುವುದು. ಹೊಗಳಿದವರು, "ನಿಮ್ಮಲ್ಲೇ ಚೆಂದ," ಅನ್ನಬೇಕು. ಮಾತು ಅತ್ತಿತ್ತ ಓಡಾಡುತ್ತದೆ. ಪಾತ್ರೆ ಮಾತ್ರ ಒಲೆಯ ಪಕ್ಕದಲ್ಲೇ ಇರುತ್ತದೆ.

ಆದರೆ ಚಿಕ್ಕಪ್ಪ ಹುಟ್ಟಿ ಬೆಳೆದದ್ದು ಸಾವೊ ಪಾಲೊದಲ್ಲಿ. ತಾಯಿಯಿಂದ ಅರಬ್ಬಿ ಭಾಷೆ ಬಂದಿತ್ತು, ಬೇಡ ಅನ್ನುವ ಶಾಸ್ತ್ರ ಬಂದಿರಲಿಲ್ಲ. "ಹೌದೇನೋ? ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ," ಎಂದು ಹರಸಿ, ಪಾತ್ರೆಯನ್ನು ಬನಿಯನ್ನಿನಲ್ಲಿ ಸುತ್ತಿ ಪೆಟ್ಟಿಗೆಗಿಳಿಸಿದರು.

ಮರುದಿನ ಬೆಳಿಗ್ಗೆ ನಖ್ಲೆಯ ಹೆಂಡತಿ ಜಮೀಲೆ ಮೊಟ್ಟೆ ಬೇಯಿಸುವ ಪಾತ್ರೆಯಲ್ಲಿ ಕಾಫಿ ಕುದಿಸಿದಳು. ಕುದಿಯುತ್ತಿದ್ದುದು ಕಾಫಿಯೊಂದೇ ಅಲ್ಲ. ಚಿಕ್ಕಪ್ಪನಿಗೆ ಬಿಡಿಸಿ ಹೇಳಿಬಿಡಲೇ ಎಂದು ನಖ್ಲೆ ಪಿಸುಗುಟ್ಟಿದ್ದಕ್ಕೆ ಅವಳು ಕಣ್ಣು ಬಿಟ್ಟಳು. ಕೊಟ್ಟು ಕಿತ್ತುಕೊಂಡವರು ಅಂತ ಬ್ರೆಜಿಲ್ ತುಂಬ ಹೆಸರಾಗಬೇಕೇ? ನಾಳೆ ಹೊರಡುವ ಮನುಷ್ಯ. ಇವತ್ತೊಂದು ದಿನ ಕರಾವಳಿ ತೋರಿಸಿ ಕರೆತಂದರಾಯಿತು.

"ನೋಡು ನಖ್ಲೆ," ಎಂದಳು. "ಸಮುದ್ರ ತೋರ್ಸು, ಬೆಟ್ಟ ತೋರ್ಸು. ಅದ್ಯಾವ್ದೂ ನಮ್ದಲ್ಲ, ಬೇಕಾದಷ್ಟು ಹೊಗಳ್ಲಿ. ಸುಲ್ತಾನನ್ನ ಮಾತ್ರ ಹೊಗಳಿಸ್ಕೊಂಡು ಬಂದ್ಯೋ, ನೀನೂ ಬ್ರೆಜಿಲ್‌ಗೇ ಹೊರಡು."

ಸುಲ್ತಾನ ಎಂದರೆ ನಖ್ಲೆಯ ಹಸ್ಸೂನ್. ಕೆಂಪು ಮುಖದ, ಹಳದಿ ಪಟ್ಟೆ ರೆಕ್ಕೆಯ, ಹಿಡಿಯೊಳಗೆ ಮುಚ್ಚಿಹೋಗುವಷ್ಟು ಪುಟ್ಟ ಹಾಡುಹಕ್ಕಿ. ಮರಿಯಾಗಿದ್ದಾಗಿನಿಂದ ಪಕ್ಕದಲ್ಲಿ ಕೂತು ಸಿಳ್ಳೆ ಹೊಡೆದು ಹೊಡೆದು ನಖ್ಲೆ ಅದಕ್ಕೆ ರಾಗ ಕಲಿಸಿದ್ದ. ಊರಿನ ಜನ ಅವನ ಅಂಗಡಿಗೆ ಬರುತ್ತಿದ್ದುದು ಕತ್ತರಿಯ ಮೇಲಿನ ನಂಬಿಕೆಯಿಂದಲ್ಲ, ಪಂಜರದ ಕೆಳಗಿನ ಕುರ್ಚಿಯ ಮೇಲಿನ ಆಸೆಯಿಂದ. ಮನೆಯಲ್ಲಿ ಬಿಟ್ಟು ಹೋದರೆ ಮುನಿಸಿಕೊಂಡು ವಾರಗಟ್ಟಲೆ ಬಾಯಿ ಬಿಡದ ಜಾತಿ ಅದು. ಹಾಗಾಗಿ ನಖ್ಲೆ ಪಂಜರಕ್ಕೆ ಕ್ಷೌರದ ಟವೆಲ್ ಹೊದಿಸಿ ಕಾರಿನಲ್ಲಿಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಅಬು ತನ್ನೂಸ್ ಬಾಲ್ಕನಿಯಿಂದ ಬಗ್ಗಿದ. ಅವನ ಮನೆಯಲ್ಲೂ ಒಂದು ಹಸ್ಸೂನ್ ಇತ್ತು. ಹಾಡಿದರೆ ಯಾರೋ ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿರುತ್ತಿತ್ತು. ಎಲ್ಲಿಗೆ ಸವಾರಿ ಎಂದು ಕೇಳಿದ. ನಖ್ಲೆ ವಾಡಿಕೆಯಂತೆ, ನೀವೂ ಬನ್ನಿ ಎಂದ. ಬೇಡ ಎಂದ ಅಬು ತನ್ನೂಸ್. ಬನ್ನಿ ಎಂದ ನಖ್ಲೆ. ಬೇಡಪ್ಪಾ ಎಂದ. ಮೂರನೆಯ ಸಲ ಕರೆಯದಿದ್ದರೆ ಅವಮಾನ, ಕರೆದ. ಮೂರನೆಯ ಸಲ ಒಪ್ಪದಿದ್ದರೂ ಅವಮಾನ. ಅಬು ತನ್ನೂಸ್ ಆಗಲೇ ಬೂಟು ಹಾಕಿಕೊಂಡೇ ನಿಂತಿದ್ದ.

ಜುಬೈಲಿನ ಹಳೇ ಬಂದರಿನಲ್ಲಿ ಮೀನು ತಿನ್ನುವಾಗ ಚಿಕ್ಕಪ್ಪನಿಗೆ ಬಿಸಿಲು ಕುಕ್ಕಿ, ನಖ್ಲೆಯ ಹುಲ್ಲಿನ ಟೋಪಿ ಕಣ್ಣಿಗೆ ಬಿತ್ತು. ತಂಪಾದ ಟೋಪಿ ಎಂದರು. ನಖ್ಲೆ ಹಲ್ಲು ಕಚ್ಚಿದ. ಆದರೆ ಅವನ ನಾಲಿಗೆ ಅವನ ಮಾತು ಕೇಳುವಂಥದ್ದಾಗಿರಲಿಲ್ಲ. ಟೋಪಿ ಹೋಯಿತು, ಬೋಳು ನೆತ್ತಿ ಬಿಸಿಲಿಗೆ ಬಿತ್ತು. ಬಿಲ್ಲು ಕೊಡಲು ಎದ್ದು ನಿಂತಾಗ ಸೊಂಟದ ಬೆಲ್ಟು ಕಂಡಿತು. ದೇವದಾರು ಮರದ ಚಿತ್ರವಿದ್ದ ಬಕ್ಕಲು ನೋಡಿ ಚಿಕ್ಕಪ್ಪನ ಕಣ್ಣಲ್ಲಿ ನೀರೇ ಬಂತು. ಸತ್ತ ಅಮ್ಮ ಈ ಮರದ ಕತೆ ಹೇಳುತ್ತಿದ್ದಳಂತೆ. ಅಮ್ಮನ ಹೆಸರು ಬಂದ ಮೇಲೆ ಸುಮ್ಮನಿರುವುದಾದರೂ ಹೇಗೆ? ಬೆಲ್ಟೂ ಹೋಯಿತು.

ಅಲ್ಲಿಂದ ಮುಂದೆ ನಖ್ಲೆ ನಡೆದದ್ದು ಎಡಗೈಯಲ್ಲಿ ಪ್ಯಾಂಟು, ಬಲಗೈಯಲ್ಲಿ ಪಂಜರ ಹಿಡಿದು. ಒಂದು ಕೈಯಲ್ಲಿ ಮಾನ, ಇನ್ನೊಂದರಲ್ಲಿ ಪ್ರಾಣ.

"ಪಂಜರ ಕೊಡೋ, ನಾ ಹಿಡ್ಕೋತೀನಿ," ಎಂದು ಅಬು ತನ್ನೂಸ್ ಕೈ ಚಾಚಿದ.

"ಬೇಡ. ಪ್ಯಾಂಟು ಹಿಡ್ಕೊಳ್ಳಿ ಬೇಕಾದ್ರೆ," ಎಂದ ನಖ್ಲೆ.

ಜೂನಿಯೆಯಿಂದ ಬೆಟ್ಟದ ಮೇಲಿನ ಮಾತೆಯ ಗುಡಿಗೆ ರೋಪ್‌ವೇ ಏರಿದರು. ತೊಟ್ಟಿಲಿನಂಥ ಡಬ್ಬಿ. ಮಹಡಿ ಮನೆಗಳ ಕಿಟಕಿಗೆ ತಾಗುವಂತೆ ಹೋಗುತ್ತದೆ. ಯಾರ ಮನೆಯಲ್ಲಿ ಏನು ಅಡುಗೆ ಎಂದು ನೋಡಿ ಉಪ್ಪು ಸಾಲದು ಅನ್ನಬಹುದು. ಮನೆಗಳು ಮುಗಿದು ಕೆಳಗೆ ಬರೀ ಮರದ ತುದಿಗಳು ಕಂಡಾಗ ಚಿಕ್ಕಪ್ಪ ಬೆವೆತು ಕಣ್ಣು ಮುಚ್ಚಿದರು. ಅವರಿಗೆ ಎತ್ತರ ಆಗದು ಎಂದು ತಿಳಿದದ್ದೇ ಆಗ. ಅಷ್ಟು ಸಾಲದೆಂಬಂತೆ ಡಬ್ಬಿ ಅರ್ಧ ದಾರಿಯಲ್ಲಿ ನಿಂತು ತೂಗತೊಡಗಿತು. ಚಿಕ್ಕಪ್ಪ ಪೋರ್ಚುಗೀಸಿನಲ್ಲಿ ಪ್ರಾರ್ಥನೆ ಶುರುಮಾಡಿದರು.

ಆಗ ಟವೆಲ್ಲಿನೊಳಗಿನಿಂದ ಸುಲ್ತಾನ ದನಿ ತೆಗೆದ. ಮೊದಲು ಸಣ್ಣಗೆ, ಆಮೇಲೆ ಡಬ್ಬಿಯ ಗಾಜೆಲ್ಲ ಝುಮ್ಮೆನ್ನುವ ಹಾಗೆ. ನಖ್ಲೆ ಕೆಮ್ಮಿದ. ಪಂಜರವನ್ನು ಮೊಣಕಾಲಿನ ನಡುವೆ ಅದುಮಿದ. ತಾನೇ ಹಾಡುತ್ತಿರುವಂತೆ ತುಟಿ ಆಡಿಸಿದ. ಚಿಕ್ಕಪ್ಪನ ಉಸಿರು ಹದಕ್ಕೆ ಬಂತು, ಕಣ್ಣು ತೆರೆಯಿತು. ಟವೆಲ್ ಸರಿಸಿ ನೋಡಿದರು.

"ಎಂಥ ಹಕ್ಕಿಯೋ ಮಗಾ. ಇದು ಹಾಡ್ದೇ ಇದ್ದಿದ್ರೆ ನಾನಿವತ್ತು ಸತ್ತೇಹೋಗ್ತಿದ್ದೆ."

ನಖ್ಲೆ ಕಿಟಕಿಯಾಚೆ ಸಮುದ್ರ ನೋಡಿದ. ಬಂದ ನೆಂಟರು ಹೊಗಳಿದಾಗ ಸುಮ್ಮನಿರುವುದೆಂದರೆ ಕೆನ್ನೆಗೆ ಹೊಡೆದಂತೆ. ಅಬು ತನ್ನೂಸ್ ಗಂಟಲು ಸರಿಮಾಡಿಕೊಂಡ. "ನಖ್ಲೆ, ಚಿಕ್ಕಪ್ಪ ಏನೋ ಅಂದ್ರಪ್ಪಾ. ಕೇಳಿಸ್ಲಿಲ್ವಾ?"

"ನಿಮ್ಮದೇ ಚಿಕ್ಕಪ್ಪ," ಎಂದ ನಖ್ಲೆ. ದನಿ ಅಬು ತನ್ನೂಸನ ಹಕ್ಕಿಯ ದನಿಯ ಹಾಗಿತ್ತು. "ತಗೊಳ್ಳಿ."

ಹೀಗೆ ಅವನು ಹಕ್ಕಿಯನ್ನು ಹಾಡುಹಗಲೇ ಕಳೆದುಕೊಂಡ.

ಗುಡಿಯ ಮೆಟ್ಟಿಲು, ಮೇಲಿಂದ ಕಾಣುವ ಕೊಲ್ಲಿ, ಯಾವುದೂ ಅವನಿಗೆ ಕಾಣಲಿಲ್ಲ. ವಾಪಸು ಬರುವಾಗ ಕಾರು ಓಡಿಸುತ್ತಿದ್ದವನ ಮುಖ ನೋಡಲಾರದೆ, ಬತ್ರೂನಿನ ಲಿಂಬೆ ಷರಬತ್ತಿನ ಅಂಗಡಿಯಲ್ಲಿ ಇಳಿದಾಗ ಚಿಕ್ಕಪ್ಪ ಅಬು ತನ್ನೂಸನನ್ನು ಮೂಲೆಗೆ ಕರೆದೊಯ್ದು, ಹುಡುಗನಿಗೆ ಏನಾಯಿತು ಎಂದು ವಿಚಾರಿಸಿದರು. ಬಾಯಿ ಕಟ್ಟಿಕೊಂಡು ಗೊತ್ತಿರದ ಅಬು ತನ್ನೂಸ್ ಶಾಸ್ತ್ರವನ್ನೆಲ್ಲ ಒದರಿದ: ಹೊಗಳಿದರೆ ತಗೊಳ್ಳಿ ಅನ್ನುವುದು ಬರೀ ಮಾತಿಗೆ, ಬೇಡ ಅನ್ನಬೇಕಾದ್ದು ನಿಮ್ಮ ಕೆಲಸ ಎಂದು. ಅಷ್ಟರಲ್ಲಿ ಷರಬತ್ತು ಬಂತು. ಮೂರು ಸಲದ ಲೆಕ್ಕ ಹೇಳುವುದು ಉಳಿದುಹೋಯಿತು.

ಚಿಕ್ಕಪ್ಪನ ಕಿವಿಯೆಲ್ಲ ಕೆಂಪಾಯಿತು. ಪಂಜರ, ಟೋಪಿ, ಬೆಲ್ಟು ತಂದು ನಖ್ಲೆಯ ಮುಂದಿಟ್ಟರು. ಕಾಫಿ ಪಾತ್ರೆಯನ್ನು ಮನೆಗೆ ಹೋದ ಕೂಡಲೇ ತೆಗೆದುಕೊಡುವುದಾಗಿ ಹೇಳಿದರು.

"ನಂಗೊತ್ತಿರ್ಲಿಲ್ಲ ಕಣೋ ಮಗಾ. ದಡ್ಡ ನಾನು. ಇವೆಲ್ಲ ನಿಂದೇ, ತಗೋ."

ನಖ್ಲೆಯ ಎದೆ ಕುಣಿಯಿತು. ಕೈ ಪಂಜರದ ಕಡೆ ಹೊರಟೇಬಿಟ್ಟಿತ್ತು. ಆದರೆ ಆ ನಾಲಿಗೆ, ಅಪ್ಪ ಅಜ್ಜ ಮುತ್ತಜ್ಜ ಎಲ್ಲ ಸೇರಿ ಪಳಗಿಸಿದ ನಾಲಿಗೆ, ಕೈಗಿಂತ ಮೊದಲು ಎದ್ದಿತು.

"ಛೆ ಛೆ, ಏನ್ ಚಿಕ್ಕಪ್ಪಾ, ಕೊಟ್ಟಿದ್ದು ವಾಪಸ್ ತಗೋತಾರಾ? ನಿಮ್ಮಲ್ಲೇ ಚೆಂದ."

ಊರಿನವರಾಗಿದ್ದರೆ ಇನ್ನೆರಡು ಸಲ ಒತ್ತಾಯ ಮಾಡಿ, ಮಾತೆಯ ಆಣೆ ಹಾಕಿ, ಪಂಜರವನ್ನು ಅವನ ಕಂಕುಳಲ್ಲಿ ತುರುಕುತ್ತಿದ್ದರು. ನಖ್ಲೆ ಅದಕ್ಕೇ ಕಂಕುಳು ಸಡಿಲಿಸಿ ಕಾದ. ಚಿಕ್ಕಪ್ಪ ಮಾತ್ರ ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. ಬೇರೆಯವರದು ಬರೀ ಬಾಯಿಮಾತಂತೆ, ನಿನ್ನದು ಬಂಗಾರದ ಮನಸ್ಸು ಎಂದರು. ಮತ್ತೆ ಬೆಲ್ಟು ಕಟ್ಟಿಕೊಂಡರು.

ಆಮೇಲೆ, ವಿಮಾನದಲ್ಲಿ ಹಕ್ಕಿ ಒಯ್ಯಲು ಬಿಡುವುದಿಲ್ಲವಲ್ಲ ಎಂಬುದು ನೆನಪಾಗಿ, ಪಂಜರವನ್ನು ಅಬು ತನ್ನೂಸನ ಕೈಗಿಟ್ಟರು. "ಹಕ್ಕಿ ಸಾಕಿ ಅಭ್ಯಾಸ ಇರೋರು ನೀವು. ನಿಮ್ಮದೇ ಇನ್ನು ಇದು."

ನಖ್ಲೆ ಆಸೆಯಿಂದ ನೋಡಿದ. ಅಬು ತನ್ನೂಸ್ ಊರಿನವನು. ಬೇಡ ಅಂದೇ ಅನ್ನುತ್ತಾನೆ. ಅಬು ತನ್ನೂಸ್ ಪಂಜರವನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದುಕೊಂಡ. "ಬ್ರೆಜಿಲ್ ಕಡೆ ಬೇಡ ಅಂದ್ರೆ ಬೇಜಾರಾಗ್ತಾರಂತೆ," ಎಂದ.

ಚಿಕ್ಕಪ್ಪ ಊರಿಗೆ ಹೋದರು. ಜಮೀಲೆ ಇನ್ನೂ ಮೊಟ್ಟೆ ಪಾತ್ರೆಯಲ್ಲೇ ಕಾಫಿ ಕಾಯಿಸುತ್ತಾಳೆ, ಅದೂ ತನಗೊಬ್ಬಳಿಗೆ. ನಖ್ಲೆ ಬೆಳಿಗ್ಗೆ ಬಾಲ್ಕನಿಗೆ ಬಂದು ನಿಲ್ಲುತ್ತಾನೆ. ಆಚೆ ಬಾಲ್ಕನಿಯಲ್ಲಿ ಸುಲ್ತಾನ ಅವನು ಕಲಿಸಿದ ರಾಗವನ್ನೇ ಹಾಡುತ್ತಿರುತ್ತಾನೆ. ಮೊನ್ನೆ ತಡೆಯಲಾಗದೆ ಅವನ ಬಾಯಿಂದ ಬಂದೇಬಿಟ್ಟಿತು: "ಎಷ್ಟ್ ಚೆನ್ನಾಗಿ ಹಾಡ್ತಾನಲ್ಲ, ಅಬು ತನ್ನೂಸ್."

ಅಬು ತನ್ನೂಸ್ ಎದೆಯ ಮೇಲೆ ಕೈಯಿಟ್ಟ. ಮುಖ ಬಿಳಿಚಿತ್ತು, ಆದರೂ ಊರಿನವನಲ್ಲವೇ.

"ನಿಂದೇ ಕಣೋ ನಖ್ಲೆ," ಎಂದ. "ತಗೊಂಡ್ಹೋಗು."

ನಖ್ಲೆ ಬಾಯಿಯನ್ನು ಕೈಯಿಂದ ಮುಚ್ಚಿಕೊಳ್ಳಲು ಹೋದ. ಅಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿತ್ತು.