ತ್ರಿಭುಜ, ರೊಟ್ಟಿ, ರಾಗಿ ಹೊಲ

ಮೇಷ್ಟ್ರುಗಿರಿಯಲ್ಲಿ ನಾವು ಕಲಿಸುವುದು ಒಂದು, ಮಕ್ಕಳು ಮನೆಗೆ ಹೊತ್ತೊಯ್ಯುವುದು ಇನ್ನೊಂದು. ನನಗಂತೂ ವರ್ಷಾ ವರ್ಷ ಇದೇ ಪಾಡು. ಆದರೆ ಎರಡು ಸಾವಿರದ ಇಸವಿ ಆಸುಪಾಸಿನಲ್ಲಿ, ಕೊಣನೂರಿನ ಹತ್ತಿರದ ಶಾಲೆಯಲ್ಲಿದ್ದಾಗ, ಅದು ಮಾನದ ಪ್ರಶ್ನೆಯಾಗಿಬಿಟ್ಟಿತು. ಹಿಂದಿನ ವರ್ಷದ ತಪಾಸಣೆಯಲ್ಲಿ ಸಾಹೇಬರು ಯಾವ ಆಕೃತಿ ತೋರಿಸಿದರೂ ನಮ್ಮ ಮಕ್ಕಳು "ಚೌಕ ಸಾ!" ಎಂದು ಒಂದೇ ದನಿಯಲ್ಲಿ ಕೂಗಿದ್ದರು. "ಮುಂದಿನ ಸಲವೂ ಹೀಗೇ ಆದರೆ ನಿಮ್ಮನ್ನೇ ಹಾಸನಕ್ಕೆ ಕರೆಸಿ ತರಬೇತಿಗೆ ಕೂರಿಸ್ತೀನಿ" ಎಂದು ಅವರು ಮಕ್ಕಳೆದುರಿಗೇ ಅಂದು ಹೋಗಿದ್ದರು.

ತಲೆಕೆಳಗಾದ ತ್ರಿಭುಜ

ರಟ್ಟು ಕತ್ತರಿಸಿ ತ್ರಿಭುಜ ಮಾಡಿದೆ. ಚೂಪು ಮೇಲೆ ಮಾಡಿ ಹಿಡಿದರೆ ಎಲ್ಲರೂ ಸರಿಯಾಗಿ ಹೇಳಿದರು. ಚೂಪು ಕೆಳಗೆ ಮಾಡಿದೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಹುಡುಗ ಕನಿಕರದಿಂದ, "ಉಲ್ಟಾ ಇಡ್ಕಂಡಿದ್ದೀರ ಸಾ" ಎಂದ.

"ಉಲ್ಟಾ ಆದರೂ ಅದೇ ಕಣೋ! ಹೇಗೆ ತಿರುಗಿಸಿದರೂ ಬದಲಾಗಲ್ಲ" ಎಂದು ಗಂಟಲು ಹರಿದುಕೊಂಡೆ.

ಮಾರನೆ ದಿನ ಕೂಡುವ ಲೆಕ್ಕ. ಉತ್ತರ 9 ಬರಬೇಕಿತ್ತು, ಅದೇ ಹುಡುಗ 6 ಬರೆದಿದ್ದ. ಕಿವಿ ಹಿಂಡಲು ಕೈ ಚಾಚಿದೆ. ಅವನು ಸ್ಲೇಟನ್ನು ತಲೆಕೆಳಗೆ ತಿರುಗಿಸಿ ಹಿಡಿದ.

"ನೀವೇ ಅಲ್ವಾ ಸಾ ನೆನ್ನೆ ಏಳಿದ್ದು, ಎಂಗ್ ತಿರುಗ್ಸುದ್ರೂ ಅದೇ ಅಂತ?"

ರೊಟ್ಟಿಗೆ ದಾರ

ಆಮೇಲೆ ವೃತ್ತ. ಮಧ್ಯದಿಂದ ಅಂಚಿಗೆ ಎಲ್ಲಾ ಕಡೆ ಒಂದೇ ದೂರ ಇರಬೇಕು ಎಂದು ದಾರ ಹಿಡಿದು ತೋರಿಸಿದೆ. ಮಕ್ಕಳು ತಲೆಯಾಡಿಸಿದರು. ನನಗೋ ಖುಷಿ.

ಸಂತೆಯ ದಿನ ಒಬ್ಬ ಹುಡುಗನ ತಾಯಿ ಸೊಪ್ಪಿನ ಅಂಗಡಿ ಮುಂದೆ ನನ್ನನ್ನು ಅಡ್ಡಗಟ್ಟಿದರು.

"ಏನ್ ಸಾ ಕಲಿಸ್ತಿದ್ದೀರ? ನಾನು ರೊಟ್ಟಿ ತಟ್ಟಿ ತಟ್ಟೆಗಾಕುದ್ರೆ, ಇವ್ನು ದಾರ ಇಟ್ಟು ಅಳ್ದು, 'ಇದು ವೃತ್ತ ಅಲ್ಲ, ನಂಗ್ ಬ್ಯಾಡ' ಅಂತ ತಳ್ತಾನೆ! ದುಂಡಗಿಲ್ದೆ ಓದ್ರೆ ಒಟ್ಟೆಗಿಳಿಯಾಕಿಲ್ವಾ?"

ಸಮಾಧಾನ ಹೇಳಲು ಬಾಯಿ ತೆರೆದೆ. ಆಕೆ ಬಿಡಲಿಲ್ಲ.

"ದುಂಡಗಿರೋದೊಂದು ಬುಟ್ಟು ಬ್ಯಾರೆ ಏನಾರ ಏಳ್ಕೊಡಿ ಸಾ. ಇಲ್ಲಾಂದ್ರೆ ನಾಳೆಯಿಂದ ನೀವೇ ಬಂದು ರೊಟ್ಟಿ ತಟ್ಟಿ."

ಅಧ್ಯಕ್ಷರ ಬಾಳೆಹಣ್ಣು

ಹೀಗೆ ರೊಟ್ಟಿಗೆ ಹೆದರಿ ಆಯತಕ್ಕೆ ಬಂದೆ. ಎದುರು ಬದಿಗಳು ಸಮ, ಮೂಲೆಗಳು ಲಂಬಕೋನ. ಮನೆ ಹತ್ತಿರ ಒಂದು ಆಯತ ಹುಡುಕಿ ಅಳೆದು ಬನ್ನಿ ಎಂದೆ.

ಅಷ್ಟರಲ್ಲಿ ತಪಾಸಣೆ ಬಂತು. ಶಾಲಾ ಸಮಿತಿಯ ಅಧ್ಯಕ್ಷರು, ಊರಿನ ಗಟ್ಟಿ ರೈತರು, ಬಾಳೆಹಣ್ಣಿನ ತಟ್ಟೆ ಹಿಡಿದು ಸಾಹೇಬರ ಪಕ್ಕದಲ್ಲೇ ನಿಂತರು. ಸಾಹೇಬರು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ ಆಯತ ಅಂದರೇನು ಎಂದು ಕೇಳಿದರು. ಒಂದಕ್ಷರ ತಪ್ಪದೆ ಹೇಳಿದಳು. ನನಗೆ ಹೋದ ಜೀವ ಬಂತು.

"ಭೇಷ್! ಎಲ್ಲಿ ನೋಡಿದ್ದೀಯಮ್ಮಾ ಆಯತ?"

"ನಮ್ಮ ರಾಗಿ ಒಲ ಆಯತ ಆಗಿತ್ತಂತೆ ಸಾ. ಈಗ ಅಲ್ಲ."

"ಯಾಕೆ?"

"ಅಗ್ಗ ಇಡ್ದು ಅಳುದ್ವಿ ಸಾ. ಆ ತಲೆ ಅಗಲ, ಈ ತಲೆ ಮೋಟು. ಉಳುವಾಗ್ಲೆಲ್ಲ ಪಕ್ಕದೊಲದ ದೊಡ್ಡಪ್ಪ ಮಧ್ಯದ್ ಬದ ಒಂಚೂರೊಂಚೂರೇ ನಮ್ ಕಡೆ ಒತ್ಕಂಡ್ ಬತ್ತಾವ್ರೆ."

"ಯಾರಮ್ಮಾ ನಿನ್ನ ದೊಡ್ಡಪ್ಪ?"

ಅವಳು ಬಾಳೆಹಣ್ಣಿನ ತಟ್ಟೆಯ ಕಡೆ ಬೆರಳು ತೋರಿಸಿದಳು.

ಸಾಹೇಬರು ಬಿದ್ದು ಬಿದ್ದು ನಕ್ಕರು. "ಮೇಷ್ಟ್ರೇ, ನಿಮಗೆ ತರಬೇತಿ ಬೇಡ" ಎಂದು ಬೆನ್ನು ತಟ್ಟಿದರು. ನನಗೆ ಮಾತ್ರ ಅಧ್ಯಕ್ಷರ ಮುಖ ನೋಡುವ ಧೈರ್ಯ ಬರಲಿಲ್ಲ.

ಮುಂದಿನ ವಾರ ಬಸ್ ನಿಲ್ದಾಣದಲ್ಲಿ ಅವರೇ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಬದ ಮೊದ್ಲಿದ್ದ ಜಾಗುಕ್ಕೇ ಆಕುಸ್ದೆ ಸಾ, ತಮ್ಮನೂ ನಗ್ತಾ ಬಂದು ಕೈ ಜೋಡುಸ್ದ" ಎಂದರು. ನಾನು ಉಸಿರು ಬಿಟ್ಟೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು.

"ಈಗ ಊರಲ್ಲಿರೋ ಮಕ್ಳೆಲ್ಲ ಅಗ್ಗ ಇಡ್ಕಂಡು ಒಲ ಸುತ್ತುತಾವೆ. ದೊಡ್ಡೋರು ಯಾರೂ ನಿದ್ದೆ ಮಾಡ್ತಿಲ್ಲ. ಬರೋ ವರ್ಸದಿಂದ ದುಂಡಗಿರೋದೊಂದೇ ಏಳ್ಕೊಡಿ ಸಾ. ಅದುಕ್ಕೆ ಮೂಲೆನೂ ಇಲ್ಲ, ಬದಾನೂ ಇಲ್ಲ."