ಸಪ್ಪಳ ಮಾಡದ ಪಿಕಪ್‌ಗೆ ಪಾಳಿ ಕೊಡುವ ಕುರಿತು

ತ್ರಿಪಟ್ಟಣ ಪಿಕಪ್ ಮಾಲೀಕರ ಹಾಗೂ ಚಾಲಕರ ಸಂಘ
(ಮಸ್ಕಿ – ಸಿಂಧನೂರು – ಲಿಂಗಸುಗೂರು)
ಕಾರ್ಯಾಲಯ: ಬೇವಿನ ಮರದ ಕೆಳಗೆ, ಪಿಕಪ್ ಅಡ್ಡಾ, ಮಸ್ಕಿ

ಸಂಖ್ಯೆ: ತ್ರಿಪಿಸಂ/ಪಾಳಿ/ಸಪ್ಪಳ/20/2025-26
ದಿನಾಂಕ: 17-11-2025

ಸುತ್ತೋಲೆ

ವಿಷಯ: ಎಲೆಕ್ಟ್ರಿಕ್ ಪಿಕಪ್ ಒಂದು ಅಡ್ಡಾದಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ನಿಂತಿದ್ದರೂ ನಿಯಮದ ಪ್ರಕಾರ ಬಂದೇ ಇಲ್ಲದಿರುವ ಬಗ್ಗೆ.

ಉಲ್ಲೇಖ:
1) ಸಂಘದ ಪಾಳಿ ನಿಯಮಾವಳಿ 2019ರ ನಿಯಮ 9.
2) ಸದಸ್ಯರಾದ ಶ್ರೀ ಸಿದ್ದಲಿಂಗೇಶ ಅವರ ಹತ್ತೊಂಬತ್ತು ಅರ್ಜಿಗಳು.
3) ಸದರಿ ಅರ್ಜಿಗಳನ್ನು ತಿರಸ್ಕರಿಸಿ ಕಾರ್ಯದರ್ಶಿ ಶ್ರೀ ಸಿದ್ದಲಿಂಗೇಶ ಅವರು ನೀಡಿದ ಹತ್ತೊಂಬತ್ತು ಹಿಂಬರಹಗಳು.
4) ಕಾರ್ಯದರ್ಶಿಯವರ ಪತ್ನಿ ಶ್ರೀಮತಿ ದಾನೇಶ್ವರಿ ಅವರು ಅಡುಗೆಮನೆಯಿಂದ ವ್ಯಕ್ತಪಡಿಸಿದ ಮೌಖಿಕ ಅಭಿಪ್ರಾಯ.

ಪ್ರಸ್ತಾವನೆ:

ಮೇಲ್ಕಂಡ ವಿಷಯದಲ್ಲಿ ಅರ್ಜಿ ಕೊಟ್ಟವರೂ, ಅರ್ಜಿ ತಿರಸ್ಕರಿಸಿದವರೂ, ಈ ಸುತ್ತೋಲೆಗೆ ಸಹಿ ಹಾಕಿದವರೂ ಒಬ್ಬರೇ ಆಗಿರುತ್ತಾರೆ. ಕಚೇರಿ ಕನ್ನಡದಲ್ಲಿ 'ನಾನು' ಎಂಬ ಪದಕ್ಕೆ ಅವಕಾಶವಿಲ್ಲದ ಕಾರಣ ಅವರನ್ನು ಮುಂದೆ 'ಸದರಿ ಕಾರ್ಯದರ್ಶಿ' ಎಂದು ಕರೆಯಲಾಗಿದೆ. ನಗುವವರು ಈ ಹಂತದಲ್ಲೇ ನಕ್ಕು ಮುಗಿಸತಕ್ಕದ್ದು.

ಅಡ್ಡಾದಲ್ಲಿ ಒಟ್ಟು ಇಪ್ಪತ್ತಾರು ಪಿಕಪ್‌ಗಳಿವೆ. ಸಿಂಧನೂರಿನ ಭತ್ತವಿರಲಿ, ಗುರುಗುಂಟಾದ ಕುರಿಯಿರಲಿ, ಹಟ್ಟಿ ಕಾಲೊನಿಯವರ ಮಂಚ-ಬೀರು ಇರಲಿ, ಪಾಳಿ ಯಾರದೋ ಬಾಡಿಗೆ ಅವರದು. ಪಾಳಿ ಕೂಗುವವರು ಅಮೀನ್‌ಸಾಬ್. ವಯಸ್ಸು ಎಪ್ಪತ್ತೆರಡು, ಎರಡೂ ಕಣ್ಣಿಗೆ ಪೊರೆ, ಕಿವಿ ಮಾತ್ರ ಬಲು ಚುರುಕು. ಇಂಜಿನ್ ಸಪ್ಪಳ ಕೇಳಿಯೇ ಯಾರ ಗಾಡಿಯೆಂದು ಹೇಳುತ್ತಾರೆ. ಯಾರು ಆಯಿಲ್ ಬದಲಿಸಿಲ್ಲವೆಂಬುದನ್ನೂ ಹೇಳಿ ಮಾನ ಕಳೆಯುತ್ತಾರೆ.

ಆರು ವರ್ಷದ ಹಿಂದೆ ಸದಸ್ಯ ಗದ್ದೆಪ್ಪ ಅವರು ಗಾಡಿಯನ್ನು ಪಾಳಿಗೆ ಹಚ್ಚಿ ಮನೆಗೆ ಹೋಗಿ ಮಲಗುತ್ತಿದ್ದರು. ಅದನ್ನು ತಡೆಯಲು ಸದರಿ ಕಾರ್ಯದರ್ಶಿಯವರು, ಯಾರೂ ಕೇಳದಿದ್ದರೂ, ನಿಯಮ 9ನ್ನು ಬರೆದರು: "ಬೆಳಿಗ್ಗೆ ಏಳಕ್ಕೆ ಇಂಜಿನ್ ಚಾಲೂ ಇದ್ದು, ಅದರ ಸಪ್ಪಳ ಅಮೀನ್‌ಸಾಬರ ಕಿವಿಗೆ ಬಿದ್ದ ಗಾಡಿ ಮಾತ್ರ ಹಾಜರು." ಅಂದು ಚಪ್ಪಾಳೆ ಬಿದ್ದಿತ್ತು. ಈಗ ಸದರಿ ಕಾರ್ಯದರ್ಶಿಯವರೇ ಎಲೆಕ್ಟ್ರಿಕ್ ಪಿಕಪ್ ತಂದಿದ್ದು, ಇಪ್ಪತ್ತಮೂರು ದಿನ ಏಳಕ್ಕೆ ಸರಿಯಾಗಿ ಬಂದು ನಿಂತು ಇಪ್ಪತ್ತಮೂರು ದಿನವೂ ಗೈರುಹಾಜರಾಗಿರುತ್ತಾರೆ. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಎಂಬ ಗಾದೆಯನ್ನು ಸದಸ್ಯರು ಈಗಾಗಲೇ ಬಳಸಿ ಮುಗಿಸಿರುವುದರಿಂದ ಇಲ್ಲಿ ಮತ್ತೆ ಬಳಸಿಲ್ಲ.

ಮಸ್ಕಿಯಲ್ಲಿ ಆಜ್ಞೆ ಹೊರಡಿಸಿದವರಲ್ಲಿ ಈ ಸಂಘ ಮೊದಲನೆಯದಲ್ಲ. ಮೊದಲಿನವರಾದ ಚಕ್ರವರ್ತಿಗಳು ಬಂಡೆಯ ಮೇಲೆ ಕೊರೆಸಿ ತಿದ್ದುಪಡಿಯ ತಂಟೆಯೇ ಇಲ್ಲದಂತೆ ಮಾಡಿಕೊಂಡರು. ಈ ಸಂಘದ ಬಳಿ ಇರುವುದು ಕಾಗದ ಮಾತ್ರ. ಆದ್ದರಿಂದ ಈ ಕೆಳಗಿನಂತೆ ಸೂಚಿಸಲಾಗಿದೆ.

1. ವ್ಯಾಖ್ಯೆಗಳು: 'ಡೀಸೆಲ್ ಗಾಡಿ' ಎಂದರೆ ತಾನು ಬರುವ ಮೊದಲೇ ಸುದ್ದಿ ಮುಟ್ಟಿಸುವಂಥದ್ದು. 'ಸಿಎನ್‌ಜಿ ಗಾಡಿ' ಎಂದರೆ ದುಡಿದದ್ದಕ್ಕಿಂತ ಗ್ಯಾಸ್ ಬಂಕಿನ ಸಾಲಿನಲ್ಲಿ ಹೆಚ್ಚು ಹೊತ್ತು ನಿಂತಂಥದ್ದು. 'ಎಲೆಕ್ಟ್ರಿಕ್ ಗಾಡಿ' ಎಂದರೆ ಬಂದ ಮೇಲೂ ಬಂದಿಲ್ಲವೆಂದು ಭಾವಿಸತಕ್ಕದ್ದು.

2. ಖರೀದಿಯ ಹಿನ್ನೆಲೆ: ಡೀಸೆಲ್ಲೋ ಸಿಎನ್‌ಜಿಯೋ ಎಲೆಕ್ಟ್ರಿಕ್ಕೋ ಎಂದು ಸದರಿ ಕಾರ್ಯದರ್ಶಿಯವರು ಎರಡು ತಿಂಗಳು ಮನೆಯಲ್ಲಿ ಭಾಷಣ ಮಾಡಿದರು. ಇಂಜಿನ್ ಇಲ್ಲ, ಗೇರ್ ಇಲ್ಲ, ಸಪ್ಪಳವಂತೂ ಇಲ್ಲವೇ ಇಲ್ಲ ಎಂದು ಅವರು ಹೊಗಳುತ್ತಿದ್ದಾಗ, ರೊಟ್ಟಿ ಬಡಿಯುತ್ತಿದ್ದ ಶ್ರೀಮತಿ ದಾನೇಶ್ವರಿಯವರು, "ಹಂಗಾರ ಅದನ್ನ ತಗೋರಿ. ಮನ್ಯಾಗ ಸಪ್ಪಳ ಮಾಡಲಾರದ್ದು ಒಂದರ ಇರ್ಲಿ" ಎಂದರು. ಇದನ್ನು ತಾಂತ್ರಿಕ ಅನುಮೋದನೆ ಎಂದು ಪರಿಗಣಿಸಲಾಯಿತು.

3. ಮುಖಾಲಂಕಾರ: ಪಿಕಪ್ ಎಂದ ಮೇಲೆ ಮುಂದೆ ಇಂಜಿನ್ನಿಗೆ ಗಾಳಿ ಬಿಡುವ ಜಾಲಿ, ಜಾಲಿಗೆ ನಿಂಬೆಹಣ್ಣು-ಮೆಣಸಿನಕಾಯಿ, ಕನ್ನಡಿಗೆ ಗೊಂಡೆ, ಬಂಪರಿಗೆ ಕರಿದಾರ ಇರುವುದು ವಾಡಿಕೆ. ಎಲೆಕ್ಟ್ರಿಕ್ ಗಾಡಿಗೆ ಜಾಲಿಯೇ ಇಲ್ಲ. "ಮೀಸಿ ಬೋಳಿಸ್ಕೊಂಡು ಬಂದ ಅಳಿಯನಂಗ ಕಾಣ್ತದ" ಎಂದು ಗದ್ದೆಪ್ಪ ಅವರು ನಾಲ್ಕು ಜನರ ಮುಂದೆ ಅಭಿಪ್ರಾಯಪಟ್ಟ ಕಾರಣ, ಸದರಿ ಕಾರ್ಯದರ್ಶಿಯವರು ಕರಿ ಬಣ್ಣ ತಂದು ಸ್ವಹಸ್ತದಿಂದ ಉದ್ದುದ್ದ ಪಟ್ಟಿ ಎಳೆದರು. ಅಂದಿನಿಂದ ಸಂತೆಕಲ್ಲೂರಿನ ಜನ "ಇದು ಜೈಲಿನ ಗಾಡೀನ್ರಿ?" ಎಂದು ಕೇಳುತ್ತಿದ್ದಾರೆ. ಇನ್ನು ಮುಂದೆ ಯಾವ ಸದಸ್ಯರೂ ಸ್ವಹಸ್ತದಿಂದ ಜಾಲಿ ಬರೆಯಕೂಡದು.

ಗಾಡಿಪೂಜೆಯ ದಿನ ಅಧ್ಯಕ್ಷ ಜಂಬಣ್ಣ ಅವರು ಕುಂಕುಮ ಹಚ್ಚಲು ಬಾನೆಟ್ ಎತ್ತಿಸಿ ಒಳಗೆ ಇಣುಕಿ, "ಇಂಜಿನ್ ಯಾರರ ಕಳವು ಮಾಡ್ಯಾರೇನೋ ತಮ್ಮಾ?" ಎಂದು ಗಾಬರಿಯಾದದ್ದನ್ನು ಈ ಮೂಲಕ ವಿಷಾದದಿಂದ ದಾಖಲಿಸಲಾಗಿದೆ. ಕುಂಕುಮವನ್ನು ಚಾರ್ಜಿಂಗ್ ತೂತಿಗೆ ಹಚ್ಚತಕ್ಕದ್ದಲ್ಲ. ಹಚ್ಚಿದವರು ಅದನ್ನು ಕಡ್ಡಿಯಿಂದ ತೆಗೆಯುತ್ತಾ ಒಂದು ಮಧ್ಯಾಹ್ನ ಕಳೆದಿರುತ್ತಾರೆ.

4. ಪರ್ಯಾಯ ಸಪ್ಪಳ: ನಿಯಮ 9ಕ್ಕೆ ತಕ್ಕಂತೆ ಸಪ್ಪಳ ಹೊರಡಿಸಲು ಸದರಿ ಕಾರ್ಯದರ್ಶಿಯವರು ಕೈಗೊಂಡ ಕ್ರಮಗಳನ್ನು ಪರಿಶೀಲಿಸಿ ಕೆಳಗಿನಂತೆ ಆದೇಶಿಸಲಾಗಿದೆ.

(ಅ) ಹಾರ್ನ್: ಅಂಗೀಕರಿಸಿಲ್ಲ. ಹಾರ್ನ್ ಇಂಜಿನ್ ಅಲ್ಲ. ಹಾಗೇನಾದರೂ ಆಗಿದ್ದರೆ ಗದ್ದೆಪ್ಪ ಅವರ ಗಾಡಿ ನಾಲ್ಕು ಇಂಜಿನ್ನಿನದಾಗುತ್ತಿತ್ತು.

(ಆ) ಮೊಬೈಲಿನಲ್ಲಿ ಬೇರೊಬ್ಬರ ಡೀಸೆಲ್ ಸಪ್ಪಳ ಹಿಡಿದು ಸ್ಪೀಕರಿನಲ್ಲಿ ಹಚ್ಚುವುದು: ನಿಷೇಧಿಸಲಾಗಿದೆ. ಹೀಗೆ ಹಚ್ಚಿದ ದಿನ ಅಮೀನ್‌ಸಾಬರು ಗದ್ದೆಪ್ಪ ಅವರ ಹೆಸರನ್ನು ಎರಡು ಸಲ ಕೂಗಿ, ಗದ್ದೆಪ್ಪ ಅವರು ಎರಡು ಬಾಡಿಗೆ ಹೊಡೆದು, ಮರುದಿನವೂ ಅದನ್ನೇ ಹಚ್ಚಬೇಕೆಂದು ಸದರಿ ಕಾರ್ಯದರ್ಶಿಗೆ ಚಹಾ ಕುಡಿಸಿರುತ್ತಾರೆ.

(ಇ) ಬಾಯಿಂದ ಸಪ್ಪಳ: ಸದರಿ ಕಾರ್ಯದರ್ಶಿಯವರು ಕಿಟಕಿಯಿಂದ ಮುಖ ಹೊರಹಾಕಿ ಉಸಿರು ಕಟ್ಟುವವರೆಗೆ ಸಪ್ಪಳ ಮಾಡಿದರು. ಅಮೀನ್‌ಸಾಬರು ಕಿವಿಗೊಟ್ಟು ಕೇಳಿ, "ಇದು ಟ್ರ್ಯಾಕ್ಟರ್ ಐತಿ. ಟ್ರ್ಯಾಕ್ಟರಿಗೆ ಇಲ್ಲಿ ಪಾಳಿ ಇಲ್ಲ" ಎಂದು ತೀರ್ಪಿತ್ತರು. ತೀರ್ಪು ಅಂತಿಮ.

5. ವಿಶೇಷ ಸಭೆ: ನಿಯಮ 9ರ ತಿದ್ದುಪಡಿಗಾಗಿ ದಿನಾಂಕ 9ರಂದು ಸಭೆ ಕರೆಯಲಾಗಿತ್ತು. ಸಭೆಯ ಹಾಜರಾತಿಗೂ ನಿಯಮ 9 ಅನ್ವಯಿಸುವುದರಿಂದ ಸದಸ್ಯರೆಲ್ಲ ತಮ್ಮ ತಮ್ಮ ಗಾಡಿಯಲ್ಲೇ ಇಂಜಿನ್ ಚಾಲೂ ಮಾಡಿ ಕುಳಿತರು. ಇಪ್ಪತ್ತೈದು ಹಾಜರು, ಒಂದು ಗೈರು. ತಿದ್ದುಪಡಿ ಮಂಡಿಸಬೇಕಾದವರೇ ಗೈರಾದ್ದರಿಂದ ವಿಷಯ ಬಿದ್ದುಹೋಯಿತು. "ಸಿದ್ದಲಿಂಗೇಶ ಬಂದಿಲ್ಲಂತ ಬರ್ಕೋ ತಮ್ಮಾ" ಎಂದು ಅಧ್ಯಕ್ಷರು ಸಿದ್ದಲಿಂಗೇಶ ಅವರಿಗೇ ಅಪ್ಪಣೆ ಕೊಟ್ಟರು. ಅವರು ದುಂಡಗಿನ ಅಕ್ಷರದಲ್ಲಿ ಹಾಗೆಯೇ ಬರೆದುಕೊಂಡಿರುತ್ತಾರೆ.

6. ಚಾರ್ಜಿಂಗ್: ಪಾಳಿ ಸಿಗದೆ ಬೇಸತ್ತ ಸದರಿ ಕಾರ್ಯದರ್ಶಿಯವರು ಬೀಗರ ಕಡೆಯಿಂದ ಒಂದು ಬಾಡಿಗೆ ಹಿಡಿದು, ಕುರಿ ಹೇರಿಕೊಂಡು ಲಿಂಗಸುಗೂರಿಗೆ ಹೊರಟರು. ಲಿಂಗಸುಗೂರು ಇನ್ನೂ ದೂರವಿರುವಾಗಲೇ ಗಾಡಿ ನಿಂತಿತು. ವಿಚಾರಣೆಯಲ್ಲಿ, ಹಿಂದಿನ ಸಂಜೆ ಶ್ರೀಮತಿ ದಾನೇಶ್ವರಿಯವರು ಶೇಂಗಾ ಚಟ್ನಿ ಅರೆಯಲು ಗಾಡಿಯ ಪ್ಲಗ್ ಕಿತ್ತು ಮಿಕ್ಸರ್ ಹಚ್ಚಿದ್ದು, ಮತ್ತೆ ಗಾಡಿಗೆ ಹಚ್ಚಲು ಮರೆತದ್ದು ಬೆಳಕಿಗೆ ಬಂದಿತು. ಆ ಚಟ್ನಿಯನ್ನು ಸದರಿ ಕಾರ್ಯದರ್ಶಿಯವರು ಎರಡು ಸಲ ಹಾಕಿಸಿಕೊಂಡು ಉಂಡಿದ್ದರಿಂದ ಯಾರ ಮೇಲೂ ಕ್ರಮ ಜರುಗಿಸಿಲ್ಲ.

ಗದ್ದೆಪ್ಪ ಅವರು ಹಗ್ಗ ಕಟ್ಟಿ ಗಾಡಿಯನ್ನು ಅಡ್ಡಾದವರೆಗೆ ಎಳೆತಂದರು. ಮರುದಿನದ ಪಾಳಿಯ ಹೊತ್ತಿಗೂ ಹಗ್ಗ ಬಿಚ್ಚಿರಲಿಲ್ಲ. ಸಪ್ಪಳ ಒಂದೇ ಕೇಳಿಸಿದ್ದರಿಂದ ಅಮೀನ್‌ಸಾಬರು ಗದ್ದೆಪ್ಪ ಅವರೊಬ್ಬರನ್ನೇ ಕೂಗಿದರು.

7. ಇಪ್ಪತ್ತನಾಲ್ಕನೆಯ ದಿನದ ಸಂಗತಿ: ಅಂದೂ ಪಾಳಿ ಬಾರದಿದ್ದರೆ ಈ ಗಾಡಿ ಕೊಟ್ಟು ಹಳೆಯ ಡೀಸೆಲ್ ಗಾಡಿಯೊಂದನ್ನು ತರುವುದಾಗಿ ಸದರಿ ಕಾರ್ಯದರ್ಶಿಯವರು ಮನೆಯಲ್ಲಿ ಹೇಳಿ ಬಂದಿದ್ದರು. ಸದಾ ಬಾಯಿಗೆ ಬಾಯಿ ಕೊಡುವ ಮನೆಯಾಕೆ ಆ ಬೆಳಿಗ್ಗೆ ತಾವೇ ಗಾಡಿಯ ಪ್ಲಗ್ ಕಿತ್ತು ವೈರ್ ಸುತ್ತಿ ಕೊಟ್ಟರು. ಅದೇ ಅವರಿಗೆ ಹೆಚ್ಚು ನೋವಾದದ್ದು.

ಏಳು ಗಂಟೆಗೆ ಇಪ್ಪತ್ತೈದು ಇಂಜಿನ್ ಗುಡುಗುತ್ತಿದ್ದವು. ಸದರಿ ಕಾರ್ಯದರ್ಶಿಯವರು ಹಾರ್ನ್ ಒತ್ತಲಿಲ್ಲ, ಸ್ಪೀಕರ್ ಹಚ್ಚಲಿಲ್ಲ. ಗಾಡಿಯಿಂದ ಇಳಿದು ಬೇವಿನ ಮರದ ಕೆಳಗೆ ಹೋಗಿ ನಿಂತರು. ಪಾಳಿಗಾಗಿ ಗಾಡಿಯಿಂದ ಇಳಿದದ್ದು ಆರು ವರ್ಷದಲ್ಲಿ ಇದೇ ಮೊದಲು.

"ಬಂದೀನ್ರಿ ಚಾಚಾ" ಎಂದರು.

"ಯಾರಪಾ?" ಎಂದರು ಅಮೀನ್‌ಸಾಬ್.

"ಸಿದ್ದಲಿಂಗೇಶ್ರಿ."

"ಹೌದೇನು. ನಿನ್ನ ಹಳೇ ಗಾಡಿ ದನಿ ಗುರ್ತೈತಿ ಬೇಟಾ, ನಿನ್ನ ದನಿ ಗುರ್ತಿಲ್ಲ ನೋಡು" ಎಂದು ಅಮೀನ್‌ಸಾಬರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. "ನೀ ದಿನಾ ಬಂದು ನಿಲ್ಲಾಕತ್ತೀ ಅಂತ ನನಗ ಗೊತ್ತೈತಿ. ಎಲ್ಲಾರೂ ಹೇಳ್ಯಾರ. ಹತ್ತೊಂಬತ್ತು ಅರ್ಜಿ ಬರ್ದೀಯಂತ. ಯಾರಿಗೆ ಬರ್ದಿ?"

"ನನಗೇ ಬರ್ಕೊಂಡೀನ್ರಿ."

"ನನಗ ಒಂದು ಮಾತು ಬಂದು ಹೇಳಾಕ ಏನಾಗಿತ್ತು?"

ಸದರಿ ಕಾರ್ಯದರ್ಶಿಯವರು ಅಮೀನ್‌ಸಾಬರು ಮಾಡಿಕೊಟ್ಟ ಜಾಗದಲ್ಲಿ ಕುಳಿತರು.

"ಇವತ್ತು ನೀ ತಂದಿ, ನಾಳೆ ಗದ್ದೆಪ್ಪ ತರ್ತಾನ, ನಾಡದ ಎಲ್ಲಾರೂ ತರ್ತಾರ" ಎಂದರು ಅಮೀನ್‌ಸಾಬ್. "ಎಲ್ಲಾ ಗಾಡೀನೂ ಮೂಕ ಆದ್ರ, ಈ ಮುದುಕ ಇಲ್ಲಿ ಕುಂತು ಏನ್ ಕೇಳ್ಬೇಕು? ಯಾರರ ಒಬ್ರು ಬಂದು ನನ್ನ ಕೇಳ್ತಾರೇನಂತ ಕಾಯಾಕತ್ತಿದ್ದೆ. ಅಂಜಿಕಿ ಆಗಿತ್ತು ಬೇಟಾ. ಅದಕ್ಕ ನಿನ್ನ ಕರೀಲಿಲ್ಲ."

ಸದರಿ ಕಾರ್ಯದರ್ಶಿಯವರಿಗೆ ನಾಚಿಕೆಯಾಯಿತು. ಇದನ್ನು ಕಡತದಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಹಾಗೆಯೇ ಬರೆಯಲಾಗಿದೆ. ಗದ್ದೆಪ್ಪನೊಬ್ಬನ ನಿದ್ದೆ ಕೆಡಿಸಲು ನಿಯಮ ಬರೆದು, ಅದು ತನ್ನನ್ನೇ ಕಚ್ಚಿದಾಗ ಅರ್ಜಿ ಬರೆದು, ಆ ಅರ್ಜಿಗೆ ತಾನೇ ಹಿಂಬರಹ ಬರೆದು, ಹತ್ತು ಹೆಜ್ಜೆ ದೂರದಲ್ಲಿ ಕುಳಿತ ಮನುಷ್ಯನ ಬಳಿ ಹೋಗಲು ಅವರಿಗೆ ಇಪ್ಪತ್ತನಾಲ್ಕು ದಿನ ಹಿಡಿಯಿತು.

"ಈಗ ನನ್ನ ದನಿ ಕೇಳ್ತೈತೇನ್ರಿ ಚಾಚಾ?" ಎಂದರು.

"ಕೇಳ್ತೈತಿ."

ಆಮೇಲೆ ಅಮೀನ್‌ಸಾಬರು ಎದ್ದು ನಿಂತು ಸಿದ್ದಲಿಂಗೇಶ ಎಂಬ ಹೆಸರನ್ನು ಕೂಗಿದ ರಭಸಕ್ಕೆ, ಏನಾಯಿತೋ ಎಂದು ಗದ್ದೆಪ್ಪ ಅವರು ಇಂಜಿನ್ ಬಂದ್ ಮಾಡಿದರು. ಅವರನ್ನು ನೋಡಿ ಉಳಿದವರೂ ಬಂದ್ ಮಾಡಿದರು. ಸಂತೆಕಲ್ಲೂರಿನಿಂದ ಸಿಂಧನೂರಿಗೆ ಜೋಳದ ಚೀಲದ ಬಾಡಿಗೆ, ಮೊದಲ ಪಾಳಿ.

8. ಆದೇಶ: ನಿಯಮ 9ನ್ನು ಈ ಮೂಲಕ ರದ್ದುಪಡಿಸಲಾಗಿದೆ. ಇನ್ನು ಮುಂದೆ ಡೀಸೆಲ್, ಸಿಎನ್‌ಜಿ, ಎಲೆಕ್ಟ್ರಿಕ್ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ಸದಸ್ಯರೂ ಬೆಳಿಗ್ಗೆ ಏಳಕ್ಕೆ ಗಾಡಿ ಬಂದ್ ಮಾಡಿ, ಇಳಿದು, ಅಮೀನ್‌ಸಾಬರ ಬಳಿ ಬಂದು ಹೆಸರು ಹೇಳಿ "ಬಂದೀನಿ" ಎನ್ನತಕ್ಕದ್ದು. ಅವರ ಕಿವಿಗೆ ಬಿದ್ದ ಮನುಷ್ಯ ಮಾತ್ರ ಹಾಜರು. ಮುಂದೆ ಎಂಥ ಗಾಡಿ ಬಂದರೂ ಪಾಳಿ ಕೂಗುವವರು ಅವರೇ. ಈ ನಿಯಮಕ್ಕೆ ತಿದ್ದುಪಡಿ ಕೋರುವವರು ಅರ್ಜಿ ಬರೆಯಕೂಡದು, ಬಂದು ಮಾತಾಡತಕ್ಕದ್ದು.

ಸಹಿ/-
(ಸಿದ್ದಲಿಂಗೇಶ)
ಕಾರ್ಯದರ್ಶಿ, ಇಂದಿನಿಂದ ಹಾಜರು
ತ್ರಿಪಟ್ಟಣ ಪಿಕಪ್ ಮಾಲೀಕರ ಹಾಗೂ ಚಾಲಕರ ಸಂಘ, ಮಸ್ಕಿ

ಪ್ರತಿಗಳು:
1) ಶ್ರೀ ಜಂಬಣ್ಣ, ಅಧ್ಯಕ್ಷರು: ಅನುಮೋದನೆಗಾಗಿ. ಅನುಮೋದನೆ ಬಂದಿದೆಯೆಂದು ಭಾವಿಸಿ ಜಾರಿಗೆ ತರಲಾಗಿದೆ.
2) ಶ್ರೀ ಗದ್ದೆಪ್ಪ, ಸದಸ್ಯರು: ಹಗ್ಗದ ಸಮೇತ.
3) ಶ್ರೀಮತಿ ದಾನೇಶ್ವರಿ: ಮಾಹಿತಿಗಾಗಿ. ಅಭಿಪ್ರಾಯವನ್ನು ಕೋರಿಲ್ಲ, ಆದರೂ ಬರುತ್ತದೆ.
4) ಅರ್ಜಿದಾರ ಶ್ರೀ ಸಿದ್ದಲಿಂಗೇಶ: ಹತ್ತೊಂಬತ್ತು ಅರ್ಜಿಗಳನ್ನು ವಾಪಸ್ ಪಡೆಯುವಂತೆ ಸೂಚಿಸಿ.
5) ಶ್ರೀ ಅಮೀನ್‌ಸಾಬ್: ಕಣ್ಣಿಗೆ ಪೊರೆಯಿರುವ ಕಾರಣ ಪ್ರತಿ ಕಳುಹಿಸಿಲ್ಲ. ಸದರಿ ಕಾರ್ಯದರ್ಶಿಯವರು ಖುದ್ದಾಗಿ ಹೋಗಿ, ಪಕ್ಕದಲ್ಲಿ ಕುಳಿತು, ಮೊದಲಿನಿಂದ ಕಡೆಯವರೆಗೆ ಓದಿ ಹೇಳತಕ್ಕದ್ದು.